ಹೆಬ್ಬೈಲಿನ ನಿಧಾನ ಸೈಕಲ್ ಸ್ಪರ್ಧೆ

ಸುಂದರೇಶ ತನ್ನ ಹೆಸರನ್ನು ಮೊದಲು ನೋಡಿದ್ದು ಹಾಲಿನ ಡೇರಿಯ ಗೋಡೆಯ ಮೇಲೆ. ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ತಿರುಗುವಾಗ ಬೇಸಿಗೆ ಆಟೋಟದ ಪಟ್ಟಿ ಕಣ್ಣಿಗೆ ಬಿತ್ತು. ಅಡಿಕೆ ಹಾಳೆ ಎಳೆಯುವುದು, ಮಡಕೆ ಒಡೆಯುವುದು, ಹಗ್ಗಜಗ್ಗಾಟ, ಎಲ್ಲ ಪ್ರತಿವರ್ಷದ್ದೇ. ಕೊನೆಯಲ್ಲಿ ಈ ವರ್ಷ ಹೊಸದಾಗಿ ಸೇರಿಸಿದ ಒಂದು ಸಾಲು: ನಿಧಾನ ಸೈಕಲ್ ಸ್ಪರ್ಧೆ, ಎಲ್ಲ ವಯಸ್ಸಿನವರಿಗೂ. ಅದರ ಕೆಳಗೆ ಇದ್ದದ್ದು ಒಂದೇ ಹೆಸರು. ‘ಸುಂದರೇಶ, ನಿವೃತ್ತ ಡ್ರೈವರ್.’

ಅವನು ಹೆಸರು ಕೊಟ್ಟಿರಲಿಲ್ಲ. ಯಾರೋ ತಮಾಷೆಗೆ ಬರೆಸಿದ್ದಾರೆ ಎಂದುಕೊಂಡ. ಕಿವಿ ಬಿಸಿಯಾಯಿತು.

ಹೊಸನಗರದಿಂದ ಸಾಗರಕ್ಕೆ ಹೋಗುವ ಹಸಿರು ಬಸ್ಸನ್ನು ಅವನು ಇಪ್ಪತ್ತೊಂಬತ್ತು ವರ್ಷ ಓಡಿಸಿದ್ದ. ಅಷ್ಟು ವರ್ಷದಲ್ಲಿ ಒಂದು ದನಕ್ಕೂ ಬಸ್ಸು ತಾಗಿಸಿದವನಲ್ಲ. ಆದರೆ ಜನ ನೆನಪಿಟ್ಟುಕೊಂಡದ್ದು ಅದನ್ನಲ್ಲ. ಸುಂದರೇಶನ ಬಸ್ಸು ಹತ್ತಿದರೆ ಹೋಗುವಾಗ ನಾಟಿ, ಬರುವಾಗ ಕೊಯ್ಲು ಎಂದು ಹೋಟೆಲುಗಳಲ್ಲಿ ಆಡಿಕೊಂಡು ನಗುತ್ತಿದ್ದರು. ನಿವೃತ್ತನಾಗಿ ಎರಡು ವರ್ಷವಾದರೂ ಆ ಮಾತು ಹೋಗಿರಲಿಲ್ಲ. ಈಗ ಅದನ್ನು ಮೈದಾನದಲ್ಲಿ, ಮೈಕಿನ ಮುಂದೆ ಆಡಿ ತೋರಿಸಬೇಕು ಅಂದರೆ.

ಕ್ಯಾನನ್ನು ಮನೆಯಲ್ಲಿಡದೆ ನೇರ ಸೌಜನ್ಯಾಳ ಹೋಮ್‌ಸ್ಟೇಗೆ ನಡೆದ. ಹೆಬ್ಬೈಲಿನಲ್ಲಿ ಅಂಥ ಹೋಮ್‌ಸ್ಟೇಗಳು ಒಂಬತ್ತಿದ್ದವು. ಏಪ್ರಿಲ್ ಮೇ ಬಂತೆಂದರೆ ಕೆಳಗಿನ ಸೆಖೆಗೆ ಬೇಸತ್ತ ಜನ ಕುಟುಂಬ ಸಮೇತ ಗುಡ್ಡ ಹತ್ತಿ ಬರುತ್ತಿದ್ದರು. ಅವರಿಗೂ ಊರಿನವರಿಗೂ ಸೇರಿ ಒಂದು ದಿನ ಶಾಲೆಯ ಮೈದಾನದಲ್ಲಿ ಆಟೋಟ ನಡೆಸುವ ಪದ್ಧತಿ ಶುರುಮಾಡಿದವಳು ಸೌಜನ್ಯಾಳೇ. ಮೂವತ್ತೈದರ ಹೆಂಗಸು. ಪಟ್ಟಿ ಬರೆಯುವುದರಿಂದ ಹಿಡಿದು ಮೈಕಿನಲ್ಲಿ ಕೂಗುವುದರವರೆಗೆ ಎಲ್ಲ ಅವಳದೇ.

ಅವಳು ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದಳು.

"ನನ್ನ ಹೆಸರು ಯಾರು ಬರೆಸಿದ್ದು?" ಎಂದು ಸುಂದರೇಶ ನಿಂತಲ್ಲಿಂದಲೇ ಕೇಳಿದ.

"ನಾನೇ ಸುಂದರೇಶಣ್ಣ. ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ."

"ಮಜ್ಜಿಗೆ ಬೇಡ. ನನ್ನ ಕಂಡ್ರೆ ನಿಂಗೂ ತಮಾಷೆನಾ?"

ಸೌಜನ್ಯಾ ಕೈಯಲ್ಲಿದ್ದ ಹಪ್ಪಳ ಚಾಪೆಯ ಮೇಲಿಟ್ಟು ಎದ್ದು ನಿಂತಳು.

"ನಂಗೆ ಆಗ ಹತ್ತನೇ ಕ್ಲಾಸಿನ ಪರೀಕ್ಷೆ. ಮೊದಲ್ನೇ ದಿನ. ನೀಲಿ ಬಸ್ಸು ಟೈಮಿಗಿಂತ ಮುಂಚೆ ಬಂದು ಹೋಗಿಬಿಟ್ಟಿತ್ತು. ನಾನು ಮೇಲಿನ ತೋಟದ ದಾರೀಲಿ ಓಡಿ ಬರ್ತಾ ಇದ್ದೆ, ಚಪ್ಪಲಿ ಕೈಯಲ್ಲಿ. ನೀವು ಬಸ್ ನಿಲ್ಸಿದ್ರಿ. ಒಳಗಿದ್ದವ್ರೆಲ್ಲ ಬೈತಾ ಇದ್ರು, ಹೊರಡು ಮಾರಾಯ ಅಂತ. ನೀವು ಹಾರ್ನ್ ಹೊಡೀತಾ ಕೂತಿದ್ರಿ, ನಾನು ಹತ್ತೋವರೆಗೆ. ನಿಮಗೆ ನೆನಪಿಲ್ಲ ಕಾಣ್ತದೆ."

ಸುಂದರೇಶನಿಗೆ ನಿಜವಾಗಿ ನೆನಪಿರಲಿಲ್ಲ. ಅಂಥವರು ದಿನಕ್ಕೊಬ್ಬರು ಇರುತ್ತಿದ್ದರು. ಗರ್ಭಿಣಿಯರು, ಆಸ್ಪತ್ರೆಗೆ ಹೊರಟವರು, ಕೋಳಿ ಬುಟ್ಟಿ ಹೊತ್ತವರು, ಗುಡ್ಡದ ಮೇಲಿಂದ ‘ಹೋಯ್’ ಎಂದು ಕೈ ಬೀಸುವವರು.

"ಆ ಸ್ಪರ್ಧೆ ಇಟ್ಟದ್ದೇ ನಿಮ್ಮನ್ನ ಮನಸಲ್ಲಿ ಇಟ್ಕೊಂಡು," ಎಂದಳು ಸೌಜನ್ಯಾ. "ಬೇಡ ಅಂದ್ರೆ ಹೆಸರು ಹೊಡೆದು ಹಾಕ್ತೀನಿ."

ಅವನು ಬೇಡವೆಂದಿದ್ದ ಮಜ್ಜಿಗೆಯನ್ನೇ ಕುಡಿದು ಬಂದ. ಹೆಸರು ತೆಗೆಸಬೇಕೋ ಬೇಡವೋ ಎಂಬುದು ಸಂಜೆಯವರೆಗೂ ತೀರ್ಮಾನವಾಗಲಿಲ್ಲ. ಮರುದಿನ ಹಾಲು ಹಾಕಲು ಹೋದಾಗ ಅದು ತಾನಾಗಿ ತೀರ್ಮಾನವಾಯಿತು. ಅವನ ಹೆಸರಿನ ಕೆಳಗೆ ನೀಲಿ ಶಾಯಿಯಲ್ಲಿ, ಎರಡರಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ವೆಂಕಟ್ರಮಣ.’

ನೀಲಿ ಬಸ್ಸಿನ ಡ್ರೈವರಾಗಿದ್ದವನು ವೆಂಕಟ್ರಮಣ. ಎರಡು ಕಿಲೋಮೀಟರ್ ಆಚೆಯ ಕೆಳಗಿನಕೇರಿಯವನು, ಸುಂದರೇಶನಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಹೆಬ್ಬೈಲಿಗೆ ಹಸಿರು ಬಸ್ಸಿನ ಟೈಮು ಏಳು ನಲವತ್ತು, ನೀಲಿ ಬಸ್ಸಿನದು ಏಳು ಐವತ್ತು. ಆದರೆ ವೆಂಕಟ್ರಮಣ ಏಳು ಮೂವತ್ತೈದಕ್ಕೇ ಬಂದು ನಿಂತಿದ್ದ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದ. ತಡವಾಗಿ ಬಂದ ದಿನ ಗಾರ್ಡರಗಲ್ಲಿನ ತಿರುವಿನಲ್ಲಿ ಸುಂದರೇಶನನ್ನು ಹಿಂದಿಕ್ಕುತ್ತಿದ್ದ. ಟೈಮಿಂಗ್ಸಿನ ಜಗಳ ಎಲ್ಲ ಬಸ್ಸಿನವರಿಗೂ ಇದ್ದದ್ದೇ, ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಚಾ ಕುಡಿದರೆ ಮುಗಿಯುತ್ತಿತ್ತು. ಇವರದು ಮುಗಿಯಲಿಲ್ಲ. ಹನ್ನೊಂದು ವರ್ಷದ ಹಿಂದೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ, ಇಪ್ಪತ್ತು ಜನ ಸುತ್ತ ನಿಂತಿರುವಾಗ, "ನೀನು ಒಂದಿನ ಜನರನ್ನ ಹೊಂಡಕ್ಕೆ ಹಾಕ್ತೀಯ" ಎಂದಿದ್ದ ಸುಂದರೇಶ. "ನೀನು ಹೋಗಿ ಹೆಣದ ಗಾಡಿ ಓಡ್ಸು. ಅವ್ರಿಗೆ ಅರ್ಜೆಂಟಿರಲ್ಲ" ಎಂದಿದ್ದ ವೆಂಕಟ್ರಮಣ.

ಸುತ್ತ ನಿಂತವರು ನಕ್ಕಿದ್ದರು. ಅಲ್ಲಿಂದೀಚೆಗೆ ಮಾತಿಲ್ಲ. ಘಟ್ಟದ ರಸ್ತೆಯಲ್ಲಿ ಎದುರುಬದುರಾದ ಬಸ್ಸುಗಳ ಡ್ರೈವರುಗಳು ಒಂದು ಕೈ ಎತ್ತುವುದು ವಾಡಿಕೆ. ಅವರಿಬ್ಬರ ಕೈಗಳು ಸ್ಟಿಯರಿಂಗ್ ಬಿಟ್ಟು ಮೇಲೇಳಲಿಲ್ಲ.

"ಅವನು ಯಾಕೆ ಬಂದ ಈಗ?" ಎಂದಳು ಸುಂದರೇಶನ ಹೆಂಡತಿ ಗುಲಾಬಿ, ಸುದ್ದಿ ಕೇಳಿ. "ಅವನಿಗೆ ನಿಧಾನ ಅಂದ್ರೆ ಏನು ಅಂತ ಗೊತ್ತುಂಟಾ?"

"ನನ್ನ ಹೆಸರು ನೋಡಿ ಬರ್ಸಿದಾನೆ."

"ಹಾಗಾದ್ರೆ ಬಿಟ್ಟುಬಿಡಿ. ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋಳು ನಾನು."

ಸುಂದರೇಶ ಆಗಲೇ ಕೊಟ್ಟಿಗೆಯ ಅಟ್ಟದ ಕಡೆ ನೋಡುತ್ತಿದ್ದ. ಮಗಳು ಬಿಂದುವಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಸಿಕ್ಕಿದ್ದ ಸೈಕಲ್ಲು ಅಲ್ಲಿತ್ತು. ಅವಳು ಈಗ ಶಿವಮೊಗ್ಗದಲ್ಲಿ ನರ್ಸು. ಅಟ್ಟದಿಂದ ಇಳಿಸಿ, ಜೇಡರ ಬಲೆ ಒರೆಸಿ, ಹೊಸ ಟ್ಯೂಬು ಹಾಕಿಸಿ, ಸೀಟು ನಾಲ್ಕು ಬೆರಳು ಎತ್ತರಿಸಿದ. ಒಂದು ವಾರ ಬೆಳಿಗ್ಗೆ ಸಂಜೆ ಅಡಿಕೆ ಒಣಗಿಸುವ ಅಂಗಳದಲ್ಲಿ ಅಭ್ಯಾಸ ನಡೆಯಿತು. ಗುಲಾಬಿ ಮೊದಲೆರಡು ದಿನ ಬೈದಳು. ಮೂರನೆಯ ದಿನ ಮೆಟ್ಟಿಲ ಮೇಲೆ ಕೂತು, "ಎಡಗಡೆ ವಾಲ್ತೀರಿ ನೋಡಿ" ಎಂದಳು. ಐದನೆಯ ದಿನ ಮೊಬೈಲು ಹಿಡಿದು ಸಮಯ ನೋಡತೊಡಗಿದಳು. ಅಂಗಳದ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ನಿಮಿಷ ನಲವತ್ತು ಸೆಕೆಂಡು ಹಿಡಿಸಿದ ದಿನ ರಾತ್ರಿ ಊಟಕ್ಕೆ ಪಾಯಸ ಮಾಡಿದಳು.

ಆಟೋಟದ ದಿನ ಮಧ್ಯಾಹ್ನ ಮೂರಕ್ಕೇ ಮೈದಾನ ತುಂಬಿತ್ತು. ಒಂದು ಬದಿಗೆ ಊರಿನವರು, ಇನ್ನೊಂದು ಬದಿಗೆ ಅತಿಥಿಗಳು ಎಂದು ಹಗ್ಗ ಕಟ್ಟಿದ್ದರೂ ಆ ಹಗ್ಗ ಅರ್ಧ ಗಂಟೆಯೂ ಬಾಳಲಿಲ್ಲ. ಅಡಿಕೆ ಹಾಳೆಯ ಮೇಲೆ ಮಕ್ಕಳನ್ನು ಕೂರಿಸಿ ದೊಡ್ಡವರು ಎಳೆದುಕೊಂಡು ಓಡುವ ಆಟಕ್ಕೆ, ಯಾರ ಮಗು ಯಾರ ಹಾಳೆಯಲ್ಲಿದೆ ಎಂಬುದೇ ಗೊತ್ತಾಗದಷ್ಟು ಗಲಾಟೆ. ಮಡಕೆ ಒಡೆಯಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅತಿಥಿ ಅಜ್ಜಿಯೊಬ್ಬರು ಕೋಲು ಹಿಡಿದು ನೇರ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತಿನ ಅಂಗಡಿಯತ್ತ ನಡೆದಾಗ, ಅಂಗಡಿಯವನು ಪಾತ್ರೆ ಎತ್ತಿಕೊಂಡು ಓಡಿದ. ಸೌಜನ್ಯಾ ಮೈಕಿನಲ್ಲಿ ಎಲ್ಲವನ್ನೂ ವರದಿ ಮಾಡುತ್ತಿದ್ದಳು. ಅವಳ ಗಂಟಲು ಆಗಲೇ ಒಡೆದಿತ್ತು.

ನಾಲ್ಕೂವರೆಗೆ ಸೈಕಲ್ ಸ್ಪರ್ಧೆಯ ಕರೆ ಬಂತು. ತೀರ್ಪುಗಾರ ಶಾಲೆಯ ಡ್ರಿಲ್ ಮೇಷ್ಟ್ರು ಪೂರ್ಣೇಶ್. ಸುಣ್ಣದ ಪುಡಿಯಲ್ಲಿ ಮೂರು ಓಣಿ ಎಳೆದಿದ್ದ, ಮೂವತ್ತು ಮೀಟರ್ ಉದ್ದ. ಕಾಲು ನೆಲಕ್ಕೆ ತಾಗಿದರೆ ಔಟು, ಗೆರೆ ದಾಟಿದರೆ ಔಟು, ಹಿಂದಕ್ಕೆ ಬಂದರೆ ಔಟು. ಎಲ್ಲರಿಗಿಂತ ಕೊನೆಗೆ ಮುಟ್ಟಿದವರಿಗೆ ಬಹುಮಾನ. ಒಂಬತ್ತು ಜನ ಇದ್ದದ್ದರಿಂದ ಮೂವರಂತೆ ಮೂರು ಸುತ್ತು, ಗೆದ್ದ ಮೂವರಿಗೆ ಕೊನೆಯ ಸುತ್ತು.

ಮೊದಲ ಸುತ್ತಿನಲ್ಲಿ ಗೆದ್ದವನು ಆತ್ರೇಯ, ಗೇರ್ ಸೈಕಲ್ಲನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬಂದಿದ್ದ ಅತಿಥಿ ಹುಡುಗ. ಎರಡನೆಯದರಲ್ಲಿ ಸುಂದರೇಶ ಸಲೀಸಾಗಿ ಗೆದ್ದ. ಮೂರನೆಯದಕ್ಕೆ ವೆಂಕಟ್ರಮಣ ಇಳಿದಾಗ ಊರಿನವರಲ್ಲಿ ಗುಜುಗುಜು ಶುರುವಾಯಿತು. ಐದು ಸೆಕೆಂಡಿಗೆ ದಾಟಿಬಿಡ್ತಾನೆ, ಬೇಲಿ ಗಟ್ಟಿ ಉಂಟಾ ನೋಡಿ ಎಂದು ಯಾರೋ ಹೇಳಿದರು. ಅವನು ಪಂಚೆ ಎತ್ತಿ ಕಟ್ಟಿ, ಹಳೆಯ ಎತ್ತರದ ಸೈಕಲ್ಲು ಹತ್ತಿ, ಒಂದು ಕಣ್ಣು ಚಿಕ್ಕದು ಮಾಡಿ ಹೊರಟ. ಉಳಿದಿಬ್ಬರು ಮುಟ್ಟಿ, ಇಳಿದು, ಶರಬತ್ತು ಕುಡಿದು ಬಂದರೂ ಅವನು ಇನ್ನೂ ಓಣಿಯ ನಡುವೆ ಇದ್ದ. ಜನ ಚಪ್ಪಾಳೆ ತಟ್ಟುವುದನ್ನೂ ಮರೆತು ನೋಡಿದರು. ಬೇಲಿಯ ಪಕ್ಕ ನಿಂತಿದ್ದ ಅವನ ಹೆಂಡತಿ ವರದಾ ಮಾತ್ರ ನಕ್ಕಳು. ಅವನೂ ಒಂದು ವಾರದಿಂದ ಅಂಗಳ ಸುತ್ತಿದ್ದನೆಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಕೊನೆಯ ಸುತ್ತಿಗೆ ಪೂರ್ಣೇಶ್ ಚೀಟಿ ಎತ್ತಿಸಿದ. ಆತ್ರೇಯನಿಗೆ ಬಲದ ಓಣಿ, ಸುಂದರೇಶನಿಗೆ ನಡುವಿನದು, ವೆಂಕಟ್ರಮಣನಿಗೆ ಎಡದ್ದು. ಶಿಳ್ಳೆ ಮೊಳಗಿತು. ಆತ್ರೇಯ ನಾಲ್ಕೇ ಮೀಟರಿಗೆ ಸಮತೋಲ ತಪ್ಪಿ ಗೆರೆ ದಾಟಿ ಹುಲ್ಲಿಗೆ ಬಿದ್ದ. ಬಿದ್ದಲ್ಲಿಂದಲೇ ಮೊಬೈಲು ತೆಗೆದು ಉಳಿದಿಬ್ಬರ ವಿಡಿಯೋ ಹಿಡಿಯಲು ಕೂತ.

ಈಗ ಅವರಿಬ್ಬರೇ. ಮಗ್ಗುಲು ಮಗ್ಗುಲಿಗೆ, ಒಂದೇ ದಿಕ್ಕಿಗೆ, ಇಬ್ಬರ ನಡುವೆ ಒಂದು ಮಾರು. ಸುಂದರೇಶ ಮುಂದಿನ ಚಕ್ರವನ್ನೇ ನೋಡುತ್ತಿದ್ದ. ಬ್ರೇಕು ಬಿಡುವುದು, ಅರ್ಧ ತುಳಿಯುವುದು, ಮತ್ತೆ ಹಿಡಿಯುವುದು. ಘಟ್ಟ ಇಳಿಯುವಾಗ ಕಾಲಿಗಿದ್ದ ಅಭ್ಯಾಸ ಈಗ ಕೈಗೆ ಬಂದಿತ್ತು. ಮೈದಾನ ಸ್ತಬ್ಧವಾಗಿತ್ತು. ಸೌಜನ್ಯಾ ಕೂಡ ಮೈಕು ಕೆಳಗಿಳಿಸಿದ್ದಳು.

"ಚೈನಿಗೆ ಎಣ್ಣೆ ಬಿಡ್ಲಿಲ್ವಾ?" ಎಡಗಡೆಯಿಂದ ಮೆಲ್ಲಗೆ ಧ್ವನಿ ಬಂತು.

ಹನ್ನೊಂದು ವರ್ಷ ತನ್ನ ಕಡೆ ಬಾರದ ಧ್ವನಿ. ಸುಂದರೇಶ ಕತ್ತು ತಿರುಗಿಸಲಿಲ್ಲ. ತಿರುಗಿಸಿದರೆ ಬೀಳುತ್ತಿದ್ದ. ಬೀಳಿಸಲೆಂದೇ ಮಾತಾಡಿಸುತ್ತಿದ್ದಾನೋ ಏನೋ.

"ಬಿಟ್ಟಿದೀನಿ. ಕಿರುಗುಟ್ತಿರೋದು ನಿಂದು," ಎಂದ.

ಒಂದು ಮೀಟರ್ ಸಾಗಿತು.

"ನೀನು ಬ್ರೇಕ್ ಹಿಡಿದದ್ದನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದು ಸೇರಿಸಿದ ಸುಂದರೇಶ.

"ಬ್ರೇಕ್ ಇತ್ತು ಮಾರಾಯ. ಪುರುಸೊತ್ತಿರಲಿಲ್ಲ."

ಸುಂದರೇಶನಿಗೆ ನಗು ಬಂತು. ನುಂಗಿಕೊಂಡ. ಹ್ಯಾಂಡಲ್ಲು ಬಲಕ್ಕೆ ವಾಲಿತು, ಸರಿಯಾಯಿತು. ಜನ ಉಸಿರು ಬಿಟ್ಟದ್ದು ಕೇಳಿಸಿತು.

"ಒಂದು ವಿಷಯ ಕೇಳ್ತೀನಿ," ಎಂದ ವೆಂಕಟ್ರಮಣ. "ನಿಜ ಹೇಳ್ಬೇಕು."

"ಈಗ್ಲಾ?"

"ಈಗ್ಲೇ. ಇಳಿದ ಮೇಲೆ ನೀನು ಮಾತಾಡ್ತೀಯ ಅಂತ ಏನು ಗ್ಯಾರಂಟಿ?"

"ಕೇಳು."

"ನಮ್ಮ ವರದಾ ಸಾಗರಕ್ಕೆ ಯಾರ ಬಸ್ಸಲ್ಲಿ ಹೋಗ್ತಿದ್ಲು?"

ಸುಂದರೇಶನ ಮುಂದಿನ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು. ವರದಾ ತವರಿಗೋ ಪೇಟೆಗೋ ಹೋಗುವುದಿದ್ದರೆ ಬೆಳಿಗ್ಗೆ ಮನೆಯಿಂದ ಬೇಗ ಹೊರಟು, ಗಂಡನ ಬಸ್ಸು ಹೋಗುವವರೆಗೆ ಡೇರಿಯ ಹಿಂದೆ ನಿಂತಿದ್ದು, ಹಸಿರು ಬಸ್ಸಿಗೆ ಹತ್ತುತ್ತಿದ್ದಳು. ಡ್ರೈವರಿನ ಹಿಂದಿನ ಸೀಟು. ಮನೆಯವರಿಗೆ ಹೇಳ್ಬೇಡಿ ಸುಂದರೇಶಣ್ಣ ಎಂದು ಒಂದೇ ಒಂದು ಸಲ ಹೇಳಿದ್ದಳು. ಅವನು ಗುಲಾಬಿಗೂ ಹೇಳಿರಲಿಲ್ಲ.

"ನಂಗೆ ಹೇಗೆ ಗೊತ್ತಾಗ್ಬೇಕು?" ಎಂದ.

"ಸುಳ್ಳು ಹೇಳ್ಬೇಡ. ಹ್ಯಾಂಡಲ್ ಅಲ್ಲಾಡ್ತು."

ಸುಂದರೇಶ ಅರ್ಧ ತುಳಿದು ಮತ್ತೆ ಬ್ರೇಕು ಹಿಡಿದ. "ನನ್ನ ಬಸ್ಸಲ್ಲಿ," ಎಂದ ಕೊನೆಗೆ.

"ಎಷ್ಟು ವರ್ಷ?"

"ಹದಿನಾರೋ ಹದಿನೇಳೋ. ಅವ್ರಿಗೆ ನಿನ್ನ ತಿರುವು ಆಗ್ತಿರಲಿಲ್ಲ. ವಾಂತಿ ಬರ್ತಿತ್ತಂತೆ."

"ನಂಗೆ ಗೊತ್ತು. ಒಂದ್ಸಲ ಗಾರ್ಡರಗಲ್ಲಲ್ಲಿ ನಿನ್ನ ಹಿಂದೆ ಹಾಕ್ವಾಗ ಕಿಟಕೀಲಿ ಕಂಡ್ಲು. ನನ್ನ ನೋಡಿ ಸೆರಗಲ್ಲಿ ಮುಖ ಮುಚ್ಕೊಂಡ್ಲು. ಸಾಗರ ಮುಟ್ಟೋವರೆಗೂ ಹೊಟ್ಟೆ ಉರೀತಿತ್ತು ನಂಗೆ. ಇಡೀ ತಾಲೂಕು ನನ್ನ ಬಸ್ಸು ಹತ್ತಿದ್ರೂ ಮನೆಯೋಳೇ ಹತ್ತಲ್ಲ ಅಂದ್ರೆ." ಅವನ ಸೈಕಲ್ಲು ಒಂದು ಕ್ಷಣ ಪೂರ್ತಿ ನಿಂತು ಮತ್ತೆ ಒಂದು ಗೇಣು ಮುಂದೆ ಬಂತು. "ಸ್ಟ್ಯಾಂಡಲ್ಲಿ ಜಗಳ ಆಗಿದ್ದು ಅದೇ ದಿವಸ."

ಸುಂದರೇಶ ಆ ದಿನವನ್ನು ಎಷ್ಟೋ ಸಲ ತಿರುವಿ ಹಾಕಿ ನೋಡಿದ್ದ. ಅದರಲ್ಲಿ ಹೀಗೊಂದು ಕಿಟಕಿ ಇದ್ದದ್ದು ಅವನಿಗೆ ತಿಳಿದಿರಲಿಲ್ಲ.

"ಹೆಣದ ಗಾಡಿ ಅಂದದ್ದು ತಪ್ಪಾಯ್ತು," ಎಂದ ವೆಂಕಟ್ರಮಣ.

ಮೂವತ್ತು ಮೀಟರಿನಲ್ಲಿ ಇನ್ನು ಆರೇಳು ಮೀಟರ್ ಉಳಿದಿರಬಹುದು. ಬೇಲಿಯ ಹತ್ತಿರ ಗುಲಾಬಿ ಎರಡೂ ಕೈಯಲ್ಲಿ ಸೆರಗು ಹಿಂಡುತ್ತ ನಿಂತದ್ದು ಸುಂದರೇಶನ ಕಣ್ಣಂಚಿಗೆ ಕಂಡಿತು. ಅವನ ಕಣ್ಣು ಮಂಜಾಯಿತು. ಅದನ್ನು ಮುಚ್ಚಿಕೊಳ್ಳಲು ಗದರಿದಂತೆ ಕೇಳಿದ:

"ಇಷ್ಟು ಹೇಳೋದಕ್ಕೆ ಹನ್ನೊಂದು ವರ್ಷ ಬೇಕಾಯ್ತಾ ನಿಂಗೆ?"

"ಲೇಟಾಯ್ತು ಮಾರಾಯ. ಹಸಿರು ಬಸ್ಸಲ್ಲಿ ಬಂದೆ."

ಸುಂದರೇಶನಿಗೆ ತಡೆಯಲಾಗಲಿಲ್ಲ. ನಗು ಮೊದಲು ಮೂಗಿನಲ್ಲಿ ಬಂತು, ಆಮೇಲೆ ಹೊಟ್ಟೆಯಿಂದ. ಭುಜ ಕುಲುಕಿತು, ಹ್ಯಾಂಡಲ್ಲು ಕುಣಿಯಿತು, ಬಲಗಾಲು ಧೊಪ್ಪನೆ ನೆಲಕ್ಕೆ ಊರಿತು. ಊರಿದ ಮೇಲೂ ಅವನು ಸೈಕಲ್ಲಿನ ಮೇಲೆ ಬಾಗಿ ನಗುತ್ತಲೇ ಇದ್ದ. ಪೂರ್ಣೇಶ್ ಕೈ ಎತ್ತಿದ. ವೆಂಕಟ್ರಮಣ ಒಬ್ಬನೇ, ಬೇಕೆಂದೇ ಇನ್ನಷ್ಟು ನಿಧಾನವಾಗಿ, ಉಳಿದ ದಾರಿ ಮುಗಿಸಿ ಗೆರೆ ಮುಟ್ಟಿದ.

ಹೊಸನಗರ–ಸಾಗರ ರಸ್ತೆಯ ಅತಿ ವೇಗದ ಡ್ರೈವರು ನಿಧಾನ ಸೈಕಲ್ ಸ್ಪರ್ಧೆ ಗೆದ್ದಿದ್ದ. ಸೌಜನ್ಯಾ ಅದನ್ನು ಮೈಕಿನಲ್ಲಿ ಘೋಷಿಸಲು ಮೂರು ಸಲ ಹೊರಟಳು, ಮೂರು ಸಲವೂ ನಗು ಬಂದು ನಿಂತಳು. ಕೊನೆಗೆ ಪೂರ್ಣೇಶನೇ ಮೈಕು ಕಸಿದುಕೊಂಡು ಹೇಳಬೇಕಾಯಿತು. ಮೈದಾನವೆಲ್ಲ ಶಿಳ್ಳೆ, ಕೂಗು. ಬಹುಮಾನ ಒಂದು ಜೇನಿನ ಬಾಟಲಿ. ವೆಂಕಟ್ರಮಣ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಮೈದಾನಕ್ಕೆ ಒಂದು ಸುತ್ತು ಬಂದ.

"ಇಷ್ಟು ವರ್ಷ ಮುಂದೆ ಹೋಗಿ ಗೆದ್ದ, ಇವತ್ತು ಹಿಂದೆ ಉಳಿದೂ ಗೆದ್ದ," ಎಂದ ಸುಂದರೇಶ ಗುಲಾಬಿಗೆ, ಕಣ್ಣೊರೆಸಿಕೊಳ್ಳುತ್ತ.

"ಅಲ್ಲಿ ಏನು ಮಾತಾಡ್ತಿದ್ರಿ ಇಬ್ರೂ? ನೀವು ಗೆಲ್ತಿದ್ರಿ. ನಾನು ನೋಡ್ತಾ ಇದ್ದೆ, ನೀವೇ ಹಿಂದೆ ಇದ್ರಿ."

"ಬಸ್ಸಿನ ವಿಷಯ."

ಅಷ್ಟರಲ್ಲಿ ವರದಾ ಎರಡು ಲೋಟ ಶರಬತ್ತು ಹಿಡಿದು ಬಂದಳು. ಒಂದನ್ನು ಸುಂದರೇಶನಿಗೆ ಕೊಟ್ಟಳು. ಇನ್ನೊಂದನ್ನು ಹಿಂದಿನಿಂದ ಬಂದ ಗಂಡನಿಗೆ ಕೊಡುತ್ತ, "ಎಂತ ಹೇಳಿ ನಗಿಸಿದ್ದು ಅವ್ರನ್ನ?" ಎಂದು ಕೇಳಿದಳು.

"ಎಂತೂ ಇಲ್ಲೆ," ಎಂದ ವೆಂಕಟ್ರಮಣ, ಮನೆಯ ಮಾತಿನಲ್ಲಿ. ಒಂದು ಗುಟುಕು ಕುಡಿದು, "ನೀನು ಡೇರಿ ಹಿಂದೆ ನಿಂತ್ಕಂಬ ವಿಷಯ" ಎಂದ.

ವರದಾ ಒಮ್ಮೆ ಗಂಡನನ್ನೂ ಒಮ್ಮೆ ಸುಂದರೇಶನನ್ನೂ ನೋಡಿದಳು. ಕೆನ್ನೆ ಶರಬತ್ತಿನ ಬಣ್ಣಕ್ಕೆ ತಿರುಗಿತು. ಸುಂದರೇಶ ತಾನೇನೂ ಹೇಳಿಲ್ಲ ಎಂಬಂತೆ ತಲೆ ಅಲ್ಲಾಡಿಸಿದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೌದು, ನಾನು ನಿಂತ್ಕತ್ತಿದ್ದಿ," ಎಂದಳು ಗಂಡನಿಗೆ. "ಮಳೆ ಬಂದ್ರೂ ಅಲ್ಲೇ ನಿಂತ್ಕತ್ತಿದ್ದಿ. ಎಂತ ಈಗ?"

ಗುಲಾಬಿಗೆ ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಅರ್ಥವಾದದ್ದೇ ವರದಾಳ ತೋಳು ಹಿಡಿದಳು. ಇಬ್ಬರೂ ನಗುತ್ತ ಶರಬತ್ತಿನ ಅಂಗಡಿಯ ಹಿಂದಕ್ಕೆ ಹೋದರು. ಅಲ್ಲಿಂದ ಬಹಳ ಹೊತ್ತು ಅವರ ಮಾತು, ನಗು ಕೇಳುತ್ತಲೇ ಇತ್ತು. ಗಂಡಸರಿಬ್ಬರೂ ಶಾಲೆಯ ಕಟ್ಟೆಯ ಮೇಲೆ ಕೂತರು. ಆಮೇಲೆ ಯಾವ ತಿರುವಿನಲ್ಲಿ ಈಗ ರಸ್ತೆ ಅಗಲ ಮಾಡಿದ್ದಾರೆ, ಯಾವ ಕಂಡಕ್ಟರು ಈಗ ಎಲ್ಲಿದ್ದಾನೆ, ಹೊಸ ಹುಡುಗರು ಕ್ಲಚ್ಚು ಹೇಗೆ ಸುಡುತ್ತಾರೆ ಎಂದು ಒಂದೊಂದೇ ಬಂತು. ಒಬ್ಬ ಶುರುಮಾಡಿದ್ದನ್ನು ಇನ್ನೊಬ್ಬ ಮುಗಿಸುತ್ತಿದ್ದ. ಇಪ್ಪತ್ತೊಂಬತ್ತು ವರ್ಷ ಒಂದೇ ರಸ್ತೆಯನ್ನು ನೋಡಿದವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಬಿಸಿಲು ಗುಡ್ಡದ ಅಂಚಿಗೆ ಬಂದಾಗ ಕೊನೆಯ ಆಟದ ಕರೆ ಬಂತು. ಹಗ್ಗಜಗ್ಗಾಟ, ಊರಿನವರು ಮತ್ತು ಅತಿಥಿಗಳ ನಡುವೆ.

"ಊರಿನ ತಂಡಕ್ಕೆ ಇಬ್ರು ಕಮ್ಮಿ ಇದಾರೆ," ಎಂದಳು ಸೌಜನ್ಯಾ ಮೈಕಿನಲ್ಲಿ, ಕಟ್ಟೆಯ ಕಡೆಗೇ ನೋಡುತ್ತ. "ಇಬ್ರು ಡ್ರೈವರುಗಳು ಇಲ್ಲೇ ಎಲ್ಲೋ ಇದ್ರು."

"ನಿನ್ನ ಸೊಂಟ ಹೇಗಿದೆ?" ಎಂದು ಕೇಳಿದ ವೆಂಕಟ್ರಮಣ.

"ನಿಂದಕ್ಕಿಂತ ಅಡ್ಡಿಲ್ಲ," ಎಂದು ಸುಂದರೇಶ ಲೋಟ ಕೆಳಗಿಟ್ಟ.

ಇಬ್ಬರೂ ಹೋಗಿ ಹಗ್ಗ ಹಿಡಿದರು, ಒಬ್ಬನ ಹಿಂದೆ ಒಬ್ಬ. ಆಚೆ ಬದಿಯಲ್ಲಿ ಆತ್ರೇಯ, ಅವನ ದಪ್ಪ ಚಿಕ್ಕಪ್ಪಂದಿರು, ಮಡಕೆ ಒಡೆಯಲು ಹೋಗಿದ್ದ ಅಜ್ಜಿ ಕೂಡ ಹಗ್ಗದ ತುದಿ ಹಿಡಿದು ನಿಂತಿದ್ದರು. ಪೂರ್ಣೇಶ್ ಶಿಳ್ಳೆ ಬಾಯಿಗಿಟ್ಟ. ಮೊದಲ ಎಳೆತದಲ್ಲಿ ಊರಿನವರು ಗೆದ್ದರು, ಎರಡನೆಯದರಲ್ಲಿ ಅತಿಥಿಗಳು. ಮೂರನೆಯದರಲ್ಲಿ ಹಗ್ಗ ಅತ್ತಲೂ ಇಲ್ಲ ಇತ್ತಲೂ ಇಲ್ಲದೆ ನಡುಗುತ್ತ ನಿಂತಿತು. ಹೆಂಗಸರು, ಮಕ್ಕಳು ಎರಡೂ ಬದಿಗೆ ನುಗ್ಗಿ ಕೈಗೆ ಸಿಕ್ಕಲ್ಲಿ ಹಿಡಿದು ಎಳೆದರು. ವರದಾ ಗಂಡನ ಅಂಗಿ ಹಿಡಿದಿದ್ದಳು, ಗುಲಾಬಿ ವರದಾಳ ಸೊಂಟ ಹಿಡಿದಿದ್ದಳು. ಆಮೇಲೆ ಯಾವ ಬದಿ ಮೊದಲು ಜಾರಿತೆಂದು ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಎಲ್ಲರೂ ಒಬ್ಬರ ಮೇಲೊಬ್ಬರು ಕೆಂಪು ಧೂಳಿನಲ್ಲಿ ಬಿದ್ದಿದ್ದರು. ಆ ರಾಶಿಯ ಅಡಿಯಿಂದ ಸುಂದರೇಶನ ನಗು ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತಿತ್ತು.